ಹುಣಸೆ ಬೊಡ್ಡೆಯೂ ಒಂದು ಬಸಿ ಚಹಾವೂ

ನಮ್ಮ ಹಿತ್ತಲಿನ ಕಟ್ಟಿಗೆ ಸೀಳುವ ಯಂತ್ರದ ಅಲಗು ಹೊತ್ತ ದಂಡ ಒಮ್ಮೆ ಮುಂದೆ ಹೋಗಿ ಹಿಂದೆ ಬರುವಷ್ಟರಲ್ಲಿ ಕಪ್ಪಿನಿಂದ ಸುರಿದುಕೊಂಡ ಒಂದು ಬಸಿ ಚಹಾ ಕುಡಿದು ಮುಗಿಸಬಹುದು. ಹಾನಗಲ್ಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ನನಗೆ ಈ ವಿಳಂಬಗತಿಯಲ್ಲಿ ದೋಷವೇನೂ ಕಂಡಿರಲಿಲ್ಲ. ನನ್ನ ಪಾಠಗಳೂ ಇದೇ ವೇಗದಲ್ಲಿ ಸಾಗುತ್ತಿದ್ದವೆಂದು ಹಳೆಯ ವಿದ್ಯಾರ್ಥಿಗಳು ಸಾಕ್ಷಿ ಹೇಳುತ್ತಾರೆ. ಬಲಭುಜದ ನೋವಿನಿಂದ ಕೊಡಲಿ ಕೆಳಗಿಟ್ಟ ಮೇಲೆ, ಮನೆಮಂದಿಯ ಸ್ನಾನದ ಹಂಡೆಗೆ ಉರಿ ಹಾಕುವ ನನ್ನ ಏಕೈಕ ಅಧಿಕಾರವನ್ನು ಉಳಿಸಿಕೊಟ್ಟದ್ದು ಈ ಯಂತ್ರವೇ.

ತಮ್ಮ ಬಸವರಾಜನಿಗೆ ಮಾತ್ರ ಇದು ಕಣ್ಣಿಗೆ ಬಿದ್ದ ಕಸ. ರಸ್ತೆ ಅಗಲ ಮಾಡುವಾಗ ಉರುಳಿದ ಹುಣಸೆಮರದ ಬೊಡ್ಡೆಯೊಂದನ್ನು ತರಿಸಿದ್ದೆ. ಯಂತ್ರದ ಅಲಗು ಅದರ ಗಂಟಿಗೆ ತಾಗಿ, ಏದುಸಿರು ಬಿಟ್ಟು, ನಿಂತೇಬಿಟ್ಟಿತು.

“ಅಕ್ಕ, ನಿನ್ನ ವಯಸ್ಸಿಗೆ ಇದೆಲ್ಲಾ ಯಾಕ ಬೇಕು? ಇದನ್ನ ಗುಜರಿಗೆ ಹಾಕಿ, ಮಾಳಿಗಿ ಮ್ಯಾಲೆ ಸೋಲಾರ್ ಹಾಕಸ್ತೇನಿ. ನೀ ಆರಾಮ ಕುಂದ್ರು” ಎಂದ.

ಆ ‘ಆರಾಮ’ ನನ್ನನ್ನು ಕೆರಳಿಸಿತು. ನಿವೃತ್ತಿಯ ದಿನ ಹಾರ ಹಾಕಿದವರೂ ಅದನ್ನೇ ಹಾರೈಸಿದ್ದರು. ಎಷ್ಟೇ ಪ್ರೀತಿಯಿಂದ ಹೇಳಿದರೂ, ಇನ್ನು ನಿನ್ನಿಂದ ಏನೂ ಆಗಬೇಕಾಗಿಲ್ಲ ಎಂಬುದೇ ಅದರ ತಾತ್ಪರ್ಯ. ಬರುವ ಸೋಮವಾರ ಈ ಬೊಡ್ಡೆ ಸೀಳದಿದ್ದರೆ ಯಂತ್ರವನ್ನು ನಾನೇ ಗುಜರಿಗೆ ಹಾಕುತ್ತೇನೆಂದು ಪಂಥ ಕಟ್ಟಿದೆ.

ಪಂಥ ಕಟ್ಟಿದ ಹುಮ್ಮಸ್ಸಿನಲ್ಲಿ, ಬಂಕಾಪುರದ ಗ್ಯಾರೇಜಿನ ಇಮಾಮಸಾಬರು ಬೇಡವೆಂದರೂ ಕೇಳದೆ, ಎಣ್ಣೆ ನೂಕುವ ಪಂಪನ್ನಷ್ಟೇ ಬದಲಿಸಿ ದೊಡ್ಡದನ್ನು ಹಾಕಿಸಿದೆ. ದಂಡ ಬಾಣದಂತೆ ಹೋಗಿ ಅದೇ ಗಂಟಿನಲ್ಲಿ ನಿಂತಿತು. ಅಲ್ಲಿಯವರೆಗೆ ನಿಧಾನವಾಗಿ ಸೋಲುತ್ತಿದ್ದವಳು ಈಗ ಶೀಘ್ರವಾಗಿ ಸೋಲಲಾರಂಭಿಸಿದ್ದೆ. ಬಸವರಾಜ ಗುಜರಿಯವನ ಫೋನ್ ನಂಬರ್ ಹುಡುಕತೊಡಗಿದ.

“ಅಕ್ಕೋರ, ಪಂಪು ಓಟ ಕೊಡತೈತ್ರಿ, ಜೋರು ಕೊಡೂದು ದಂಡ ನೂಕೂ ಸಿಲಿಂಡರ್” ಎಂದರು ಇಮಾಮಸಾಬರು. “ದಪ್ಪಂದು ಹಾಕಿದ್ರ ನಿಧಾನ ಹೋಗತೈತ್ರಿ, ಆದ್ರ ಹಿಡದದ್ದು ಬಿಡಂಗಿಲ್ಲ.” ದಪ್ಪ, ನಿಧಾನ, ಹಿಡಿದದ್ದನ್ನು ಬಿಡದ ಸ್ವಭಾವ, ಕನ್ನಡಿಯ ಮುಂದೆ ನಿಂತಷ್ಟು ಪರಿಚಿತವೆನಿಸಿ ಕೂಡಲೇ ಒಪ್ಪಿಕೊಂಡೆ.

ಸೋಮವಾರ ಮುಂಜಾನೆ ಬೊಡ್ಡೆಯನ್ನು ಏರಿಸಿದೆವು. ದೊಡ್ಡ ಪಂಪೂ ದಪ್ಪ ಸಿಲಿಂಡರೂ ಕೂಡಿ ದಂಡದ ವೇಗ ಮತ್ತೆ ಮೊದಲಿನಷ್ಟೇ ಆಗಿತ್ತು, ಓದುಗ ಮಿತ್ರರೇ, ಒಂದು ಬಸಿ ಚಹಾದಷ್ಟು. ಅಲಗು ಗಂಟನ್ನು ಮುಟ್ಟಿದಾಗ ನನಗೆ ನಿಜಕ್ಕೂ ಭಯವಾಯಿತು. ತುಟಿಗೆ ತಂದ ಬಸಿಯನ್ನು ಕೆಳಗಿಟ್ಟೆ. ಆದರೆ ಅಲಗು ನಿಲ್ಲಲಿಲ್ಲ. ಗಂಟು ಚರ್ರೆಂದಿತು, ಕೊಂಚ ತಡೆದು ಬೊಡ್ಡೆ ಎರಡು ಹೋಳಾಗಿ ಅತ್ತೊಂದು ಇತ್ತೊಂದು ಬಿತ್ತು. ನಿಧಾನವೆಂದರೆ ದೌರ್ಬಲ್ಯವೆಂದು ಮೂವತ್ತು ವರ್ಷ ಕೇಳಿಸಿಕೊಂಡವಳು ನಾನು. ಇನ್ನು ಮೇಲೆ ಯಾರ ಕ್ಷಮೆಯನ್ನೂ ಬೇಡದೆ ನಿಧಾನವಾಗಿಯೇ ಇರುವುದೆಂದು ನಿಶ್ಚಯಿಸಿದೆ.

ಆ ಹೋಳುಗಳು ಒಣಗಿ ಒಲೆ ಸೇರಿದ ದಿನ ಬಸವರಾಜ ಹೆಗಲಿಗೆ ಟವೆಲ್ ಹಾಕಿಕೊಂಡು ಹಿತ್ತಲಿಗೆ ಬಂದ.

“ಅಕ್ಕ, ನೀರು ಕಾದಾವೇನು?”

“ಕಾಯಾಕತ್ತಾವ. ನೀ ಆರಾಮ ಕುಂದ್ರು” ಎಂದು, ಉಳಿದ ಚಹಾವನ್ನು ಬಸಿಗೆ ಸುರಿದುಕೊಂಡೆ.