ಹಳದಿ ದಾರದ ಗಂಟು

ಶಿರಸಿಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಒಬ್ಬ ದರ್ಜಿ ಇದ್ದರು. ಬಟ್ಟೆ ಕತ್ತರಿಸುವಾಗ ಅವರ ಬಾಯಲ್ಲಿ ಲೋಕದ ಚರಿತ್ರೆ ಬರುತ್ತಿತ್ತು. ಇಂಗ್ಲೆಂಡಿನ ಮೊದಮೊದಲ ಗಿರಣಿಗಳಲ್ಲಿ ಒಡೆಯರು ಮಕ್ಕಳನ್ನೂ ಬಿಡದೆ ದುಡಿಸಿಕೊಂಡರು. ಅದನ್ನು ಕಂಡು ಕುದಿದವರು ಕಂಡ, ಎಲ್ಲರೂ ಸಮ ಎಂಬ ಕನಸು ರಷ್ಯಾದಲ್ಲಿ ಸರ್ಕಾರವಾಯಿತು. ಅಲ್ಲಿ ಹೊಲ ಎಲ್ಲರದ್ದಾಯಿತು, ಬೆಳೆದವನ ಮನೆಯಲ್ಲೇ ಕಾಳಿಲ್ಲದಾಯಿತು. ಕೊನೆಗೆ ಕತ್ತರಿ ಕೆಳಗಿಟ್ಟು, "ಎರಡೂ ನೋಡಿ ಆತು ಮಾರಾಯಾ" ಎನ್ನುತ್ತಿದ್ದರು, ತಾವೇ ಎರಡೂ ಕಡೆ ದುಡಿದು ಬಂದವರ ಹಾಗೆ.

ಆದರೂ ಆ ಕನಸು ಅವರನ್ನು ಬಿಟ್ಟಿರಲಿಲ್ಲ. ಅವರ ಅಂಗಡಿಯಲ್ಲಿ ನಾಲ್ವರು ಹೆಂಗಸರು ರವಿಕೆ ಹೊಲಿಯುತ್ತಿದ್ದರು. ಹೊಲಿದದ್ದೆಲ್ಲ ಒಂದೇ ರಾಶಿಗೆ ಬೀಳಬೇಕು, ಯಾರದ್ದೆಷ್ಟು ಎಂದು ಕೇಳಬಾರದು, ಸಂಜೆ ಕೂಲಿ ಸಮಪಾಲು.

ಹೋದ ವರ್ಷ ಮದುವೆಯ ದಿನಗಳಲ್ಲಿ, ಅವರಲ್ಲಿ ಕೈ ಚುರುಕಾದವಳು ರಾಶಿಯ ರವಿಕೆಗಳನ್ನು ಮಗುಚಿ ತೋರಿಸಿದಳು. ಹೆಚ್ಚಿನವುಗಳ ಒಳಮಡಿಕೆಯಲ್ಲಿ ಹಳದಿ ದಾರದ ಸಣ್ಣ ಗಂಟಿತ್ತು.

"ಮಾಸ್ತರ್ರೇ, ಗಂಟು ಇದ್ದಿದ್ದೆಲ್ಲ ನಂದು. ನಾನು ಊಟ ಬಿಟ್ಟು ಹೊಲಿಯೂದು, ಅವರು ಮಾತಾಡ್ತಾ ಹೊಲಿಯೂದು, ಕೂಲಿ ಮಾತ್ರ ಒಂದೇ. ಇದೆಂತ ನ್ಯಾಯ?"

ದರ್ಜಿ ಒಂದು ಗಂಟನ್ನು ಬೆರಳಲ್ಲಿ ಸವರಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಆತು. ನಾಳೆಯಿಂದ ಗಂಟು ಹಾಕಿದವರಿಗೆ ಗಂಟಿನ ಲೆಕ್ಕದಲ್ಲೇ ಕೂಲಿ" ಎಂದರು.

ಮರುದಿನ ಸಂಜೆ ರಾಶಿ ಬಿಚ್ಚಿದರೆ ಎಲ್ಲ ರವಿಕೆಗಳಲ್ಲೂ ಒಂದೇ ಥರದ ಹಳದಿ ಗಂಟು, ಯಾವುದು ಯಾರದ್ದೆಂದು ತಿಳಿಯುವಂತಿರಲಿಲ್ಲ. ಉಳಿದ ಮೂವರು ತಲೆ ತಗ್ಗಿಸಿ ಕೂತಿದ್ದರು. ಚುರುಕಿನವಳು ಅವರ ಮುಖವನ್ನೇ ನೋಡುತ್ತಿದ್ದಳು.

ದರ್ಜಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ಎರಡೂ ನೋಡಿ ಆತು ಮಾರಾಯಾ."

ಕನ್ನಡಕ ಏರಿಸಿಕೊಂಡು ಒಂದೊಂದೇ ಗಂಟನ್ನು ಕತ್ತರಿಸಿ ಹಾಕಿದರು. ಕೂಲಿಯನ್ನು ಮತ್ತೆ ಸಮಪಾಲು ಮಾಡಿದರು. ಚುರುಕಿನವಳು ತನ್ನ ಪಾಲನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು.