ಒಳಕೋಣೆಯ ಯಜಮಾನ

ಯಾರಾದರೂ ಬಾಗಿಲು ತಟ್ಟಿದರೆ ನನ್ನ ಅತ್ತಿಗೆ ತಕ್ಷಣ ಚಿಲಕಕ್ಕೆ ಕೈ ಹಾಕುವುದಿಲ್ಲ. ಮೊದಲು ಒಳಕೋಣೆಯ ಕಡೆ ತಿರುಗಿ, ಹೊರಗಿರುವವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ರೀ, ಯಾರೋ ಬಂದಿದ್ದಾರೆ. ನೀವು ಮಲಗಿರಿ, ನಾನೇ ನೋಡ್ತೀನಿ" ಎನ್ನುತ್ತಾರೆ. ಆಮೇಲೆ ಬಾಗಿಲು ತೆಗೆಯುತ್ತಾರೆ. ಒಳಕೋಣೆಯಲ್ಲಿ ಮಂಚ, ಹೊಲಿಗೆ ಯಂತ್ರ ಮತ್ತು ಇಸ್ತ್ರಿಗೆ ಕಾದಿರುವ ಬಟ್ಟೆಯ ರಾಶಿ ಮಾತ್ರ ಇರುತ್ತವೆ.

ಅಣ್ಣ ಸೈನ್ಯದಲ್ಲಿದ್ದಾನೆ. ಈ ಊರಿಗೆ ವರ್ಗವಾಗಿ ಬಂದು, ಬಾಡಿಗೆ ಮನೆ ಹಿಡಿದು, ಸಾಮಾನು ಇಳಿಸಿ, ಮಂಚ ಜೋಡಿಸುವಷ್ಟರಲ್ಲಿ ಅವನನ್ನು ಗಡಿಯ ಕಡೆಗೆ ಕಳಿಸಿದರು. ಅಲ್ಲಿಗೆ ಮನೆಯವರನ್ನು ಕರೆದುಕೊಂಡು ಹೋಗುವಂತಿಲ್ಲ. ನಾನು ಆಗ ಶಾಲೆ ಬಿಟ್ಟು ಮನೆಯಲ್ಲಿದ್ದೆ. ಹೆಂಡತಿ ಒಬ್ಬಳೇ ಆಗುತ್ತಾಳೆಂದು ಅಣ್ಣ ನನ್ನನ್ನು ಇಲ್ಲಿಗೆ ಕರೆಸಿದ. ನಾನು ಹೆಚ್ಚು ಮಾತಾಡುವವಳಲ್ಲ. ಅತ್ತಿಗೆ ಇಬ್ಬರ ಪಾಲಿನದನ್ನೂ ತಾವೇ ಮಾತಾಡಿಬಿಡುತ್ತಿದ್ದರು, ಹಾಗಾಗಿ ನಮಗೆ ಹೊಂದಿಕೆಯಾಯಿತು.

ಹೀಗೆ ಒಳಕೋಣೆಗೆ ಕೂಗಿ ಹೇಳುವುದನ್ನು ಅವರು ಕಲಿತದ್ದು ಹಿಂದಿನ ಊರಿನ ಸೈನಿಕರ ವಸತಿಯಲ್ಲಿ. ಅಲ್ಲಿನ ಹಿರಿಯ ಹೆಂಗಸರು ಹೊಸದಾಗಿ ಬಂದವರಿಗೆ ಸ್ಟವ್ ಎಲ್ಲಿಡಬೇಕೆಂದು ತೋರಿಸುವ ಮೊದಲೇ ಇದನ್ನು ಹೇಳಿಕೊಡುತ್ತಿದ್ದರಂತೆ. ಗಂಡ ಊರಲ್ಲಿಲ್ಲವೆಂದು ಬಾಯಿತಪ್ಪಿಯೂ ಹೇಳಬೇಡ. ಬಾಗಿಲ ಹೊರಗೆ ಅವನ ಚಪ್ಪಲಿ ಇರಲಿ, ತಂತಿಯ ಮೇಲೆ ಅವನ ಅಂಗಿ ಇರಲಿ, ಯಾರಾದರೂ ಬಂದರೆ ಒಳಗಿರುವ ಗಂಡನನ್ನು ಕರೆದಂತೆ ಮಾಡು. ಅತ್ತಿಗೆಗೆ ಮೊದಲು ನಗು ಬರುತ್ತಿತ್ತಂತೆ. ಈ ಮನೆಗೆ ಬಂದ ಹೊಸದರಲ್ಲಿ ಕರೆಂಟ್ ಮೀಟರ್ ನೋಡಲು ಬಂದವನೊಬ್ಬ, "ಯಜಮಾನರಿಲ್ವಾ? ಯಾವಾಗ ಬರ್ತಾರೆ? ರಾತ್ರಿಯೂ ಇರಲ್ವಾ?" ಎಂದು ಒಂದೊಂದೇ ಕೇಳುತ್ತಾ ನಡುಮನೆಯವರೆಗೆ ಬಂದು ನಿಂತ. ಮೀಟರ್ ಇದ್ದದ್ದು ಹೊರಗಿನ ಗೋಡೆಯಲ್ಲಿ. ಅಂದಿನಿಂದ ಅತ್ತಿಗೆ ಅದನ್ನು ತಮಾಷೆಯೆಂದು ತಿಳಿಯಲಿಲ್ಲ.

ಹೀಗೆ, ನಮ್ಮ ಮನೆಯ ಯಜಮಾನರಿಗೆ ಊರಾಚೆಯ ಕ್ಯಾಂಪಿನಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ ಎಂದು ಬೀದಿಗೆಲ್ಲ ಗೊತ್ತಾಯಿತು. ಅಣ್ಣನ ಮುಖ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಆದರೆ ಬರೀ ನಿದ್ದೆ ಮಾಡುವ ಗಂಡ ಎಲ್ಲ ಕೆಲಸಕ್ಕೂ ಸಾಲುತ್ತಿರಲಿಲ್ಲ. ಬರಬರುತ್ತಾ ಅತ್ತಿಗೆ ಅವನಿಗೆ ಕೋಪವನ್ನೂ ಕೊಟ್ಟರು. ನಲ್ಲಿ ರಿಪೇರಿಯವನು ಬಂದಾಗ ಅದನ್ನು ನಾನು ಮೊದಲು ಕೇಳಿದೆ.

"ವಾಷರ್ ಸವೆದಿದೆ ಅಕ್ಕ. ಪೂರ್ತಿ ನಲ್ಲಿನೇ ಬದಲಾಯಿಸಿಬಿಡೋಣ" ಎಂದ ಅವನು.

"ನಾನು ಹೂಂ ಅಂದ್ರೆ ಮುಗೀತು. ಒಳಗಿದ್ದಾರಲ್ಲ, ಎದ್ದು ಬಂದ್ರೆ ನಿಮ್ಮನ್ನೂ ಬಿಡಲ್ಲ, ನನ್ನನ್ನೂ ಬಿಡಲ್ಲ."

"ಅಷ್ಟು ಕೋಪಾನಾ?"

"ಹೊರಗೆ ನೋಡಿದ್ರೆ ಹಸು. ಮನೆಯೊಳಗೆ ಬಂದ್ರೆ ಹುಲಿ."

ಅವನು ವಾಷರ್ ಒಂದನ್ನೇ ಬದಲಾಯಿಸಿ, ಸ್ಪ್ಯಾನರನ್ನು ಸದ್ದಾಗದಂತೆ ಚೀಲಕ್ಕಿಟ್ಟು, ತುದಿಗಾಲಲ್ಲಿ ಹೊರಟುಹೋದ. ಬಾಗಿಲು ಹಾಕಿಕೊಂಡು ಅತ್ತಿಗೆ ನಕ್ಕಿದ್ದೇ ನಕ್ಕಿದ್ದು. ಗ್ಯಾಸಿನವನಂತೂ ಸಿಲಿಂಡರನ್ನು ಅಡುಗೆಮನೆಯವರೆಗೆ ತಾನೇ ಹೊತ್ತು ತರತೊಡಗಿದ. "ಪಾಪ, ಅವರನ್ನ ಎಬ್ಬಿಸೋಕೆ ಹೋಗಬೇಡಿ ಅಕ್ಕ" ಎನ್ನುತ್ತಿದ್ದ. ಆ ಪಾಪ ಯಾರಿಗೆ ಸೇರಿದ್ದೆಂದು ಹೇಳಬೇಕಾಗಿರಲಿಲ್ಲ. ಒಮ್ಮೆ ಅತ್ತಿಗೆ ನನಗೆ ಒಳಗಿನಿಂದ ಗಂಡಸಿನಂತೆ ಕೆಮ್ಮಲು ಹೇಳಿದರು. ನಾನು ಬಹಳ ಪ್ರಯತ್ನಪಟ್ಟು ಕೆಮ್ಮಿದೆ. "ಬೆಕ್ಕು ಸೀನಿದ ಹಾಗಿತ್ತು ಗುಬ್ಬಿ, ಇನ್ನು ಬೇಡ" ಎಂದರು. ಗುಬ್ಬಿ ಎಂದರೆ ನಾನು.

ಅವರಿಗೆ ಸಂತೋಷಗಳೂ ಇದ್ದವು. ಮಂಚದ ತುಂಬ ಅಡ್ಡಡ್ಡ ಮಲಗುವುದು, ಬೇಸರವಾದ ದಿನ ಒಲೆ ಹಚ್ಚದೆ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದು ಊಟ ಮುಗಿಸುವುದು, ಮಧ್ಯಾಹ್ನ ಹಳೆಯ ಪರದೆಗಳ ಜೊತೆ ಗುದ್ದಾಡುವುದು. ಊರೂರು ತಿರುಗಿದ ಪರದೆಗಳವು. ಪ್ರತಿ ಮನೆಯ ಕಿಟಕಿಯೂ ಹಿಂದಿನದಕ್ಕಿಂತ ಗೇಣುದ್ದ ಹೆಚ್ಚೋ ಕಡಿಮೆಯೋ ಇರುವುದರಿಂದ ಒಂದೊಂದಕ್ಕೂ ಕೆಳಗೆ ಬೇರೆ ಬೇರೆ ಬಣ್ಣದ ಬಟ್ಟೆ ಸೇರಿತ್ತು. ಯಾವ ಪಟ್ಟಿ ಯಾವ ಊರಿನದೆಂದು ತೋರಿಸುತ್ತಾ ಹೊಲಿಯುತ್ತಿದ್ದರು.

ಅಣ್ಣನ ಫೋನ್ ಬಂದಾಗ ಮಾತ್ರ ಅವರ ಮಾತು ಬತ್ತಿಹೋಗುತ್ತಿತ್ತು. ಅವನಿದ್ದಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಅವನಿಗೆ ಚಿಂತೆ ಹಚ್ಚಬಾರದೆಂದು ಅತ್ತಿಗೆ ಎಲ್ಲಕ್ಕೂ "ಚೆನ್ನಾಗಿದೆ" ಎನ್ನುತ್ತಿದ್ದರು. ಫ್ಯೂಸ್ ಪದೇಪದೇ ಹೋಗುವುದು, ಬಚ್ಚಲು ಕಟ್ಟಿಕೊಂಡು ನೀರು ಹಿಂದಕ್ಕೆ ಬರುವುದು, ಅವರಿಗೆ ಜ್ವರ ಬಂದು ನಾನು ಗಾಬರಿಯಾಗಿದ್ದು, ಯಾವುದನ್ನೂ ಹೇಳುತ್ತಿರಲಿಲ್ಲ. ಫೋನ್ ಕಟ್ಟಾದ ಮೇಲೆ ಪಾತ್ರೆ ತೊಳೆಯಲು ಕುಳಿತು, ಒಳಕೋಣೆಯ ಕಡೆ ತಿರುಗಿ ಶುರುಮಾಡುತ್ತಿದ್ದರು. "ನಿಮಗೇನು, ಬಿದ್ಕೊಂಡಿರಿ. ಸ್ಟೂಲ್ ಹತ್ತೋಳು ನಾನು, ಬಚ್ಚಲಿಗೆ ಕೈ ಹಾಕೋಳು ನಾನು. ಕಷ್ಟ ಅಂತ ಬಾಯಿಬಿಟ್ರೆ ಮುಖ ತಿರುಗಿಸ್ತೀರಿ." ಆಗ ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಆದರೆ ಅಡುಗೆಮನೆಯ ಕಿಟಕಿ ತೆರೆದಿರುತ್ತಿತ್ತು. ಪಕ್ಕದ ಓಣಿಯಲ್ಲಿ ಹೋಗುವವರು ಹೆಜ್ಜೆ ನಿಧಾನ ಮಾಡುವುದನ್ನು ನಾನು ನೋಡಿದ್ದೆ.

ಆಮೇಲೆ ಅಣ್ಣ ರಜೆಯ ಮೇಲೆ ಬಂದ.

ಅವನು ಸೊರಗಿದ್ದ, ತುಟಿ ಒಡೆದಿತ್ತು. ಬಂದ ಮಾರನೆಯ ಬೆಳಿಗ್ಗೆಯೇ ಸ್ಕ್ರೂಡ್ರೈವರ್ ಹಿಡಿದು ಮನೆ ಸುತ್ತತೊಡಗಿದ. ನಮ್ಮಣ್ಣನ ದನಿ ಎಷ್ಟು ಮೆಲ್ಲಗೆಂದರೆ, ಬಾಗಿಲಾಚೆ ನಿಂತು ಕರೆದರೆ ಯಾರೋ ಪಕ್ಕದ ಮನೆಯವರನ್ನು ಕರೆಯುತ್ತಿದ್ದಾರೆ ಅನ್ನಿಸುತ್ತದೆ. ಅವನು ಫ್ಯೂಸ್ ಸರಿಮಾಡಿದ, ಬಚ್ಚಲಿನ ಕೊಳವೆ ಬಿಚ್ಚಿ ತೊಳೆದ, ಕೀಲು ಸಡಿಲವಾದ ಕಪಾಟಿನ ಬಾಗಿಲನ್ನು ಬಿಗಿ ಮಾಡಿದ. ಅತ್ತಿಗೆ ಅವನ ಹಿಂದೆಯೇ ಸುತ್ತುತ್ತಾ, ಅವನು ಕೇಳುವ ಮೊದಲೇ ಮೊಳೆ, ಬಟ್ಟೆ, ನೀರು ಕೊಡುತ್ತಿದ್ದರು. ಬಾಗಿಲು ತಟ್ಟಿದ ಸದ್ದಾದಾಗ ಅಭ್ಯಾಸಬಲದಿಂದ, "ರೀ, ಯಾರೋ ಬಂದಿದ್ದಾರೆ" ಎಂದರು. ಒಳಕೋಣೆಯಿಂದ "ಬಂದೆ" ಎಂದು ಉತ್ತರ ಬಂದದ್ದೇ ತಡ, ಕೈಲಿದ್ದ ತಟ್ಟೆಯನ್ನು ಕೆಳಗೆ ಹಾಕಿಬಿಟ್ಟರು.

ಬಂದವನು ಗ್ಯಾಸಿನವನು. ಸಿಲಿಂಡರನ್ನು ಗೇಟಿನ ಬಳಿಯೇ ಇಳಿಸಿ, ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಓ, ಎಚ್ಚರವಾಗಿದ್ದೀರಿ. ಹಾಗಾದ್ರೆ ನೀವೇ ಎತ್ಕೊಳ್ಳಿ" ಎಂದ. ಅಣ್ಣ ಥ್ಯಾಂಕ್ಸ್ ಎಂದು ಹೊತ್ತುಕೊಂಡು ಬಂದ. ಬೀದಿಯಲ್ಲಿ ಎದುರಾದ ನಲ್ಲಿಯವನಿಗೆ ಅಣ್ಣ ನಮಸ್ಕಾರ ಹೇಳಿದರೆ ಅವನು, "ನಮಸ್ಕಾರ ನಮಗ್ಯಾಕೆ ಸಾರ್, ಮನೇಲಿ ಅಕ್ಕನಿಗೆ ಹೇಳಿ" ಎಂದು ಸೈಕಲ್ ತುಳಿದುಕೊಂಡು ಹೋದನಂತೆ. ಊಟಕ್ಕೆ ಕುಳಿತಾಗ ಅಣ್ಣ ಅದನ್ನು ಹೇಳಿ, ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ.

"ಇಲ್ಲಿ ಎಲ್ಲರಿಗೂ ನನ್ನ ಮೇಲೆ ಏನೋ ಸಿಟ್ಟಿದೆ. ನಿಮ್ಮನ್ನ ಹೀಗೆ ಬಿಟ್ಟು ಹೋಗಿದ್ದಕ್ಕೇ ಇರಬೇಕು. ಅವರದೂ ತಪ್ಪಲ್ಲ ಬಿಡು."

"ಅವರ ಸ್ವಭಾವಾನೇ ಹಾಗೆ" ಎಂದರು ಅತ್ತಿಗೆ. ಸೌಟು ಹಿಡಿದ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತ್ತು. ಅವನ ತಟ್ಟೆಗೆ ಬಡಿಸುವುದನ್ನೇ ಮರೆತಿದ್ದರು. ಆ ಹೊತ್ತಿನಿಂದ ಅವರಿಗೆ ಅಣ್ಣನ ಮುಖ ನೋಡಿ ಮಾತಾಡಲು ಆಗಲಿಲ್ಲ. ಅವನು ಜನರ ಮನಸ್ಸು ಗೆಲ್ಲಬೇಕೆಂದು ಎಲ್ಲರಿಗೂ ಮೊದಲು ನಮಸ್ಕಾರ ಹೇಳುತ್ತಾ, ಓಣಿಯ ಚರಂಡಿಯಲ್ಲಿ ಸಿಕ್ಕಿಕೊಂಡಿದ್ದ ಕಸವನ್ನು ತಾನೇ ತೆಗೆದು ಹಾಕುತ್ತಾ ಓಡಾಡಿದಷ್ಟೂ ಅವರು ಅಡುಗೆಮನೆಯ ಮೂಲೆ ಸೇರುತ್ತಿದ್ದರು.

ಬೀದಿಯ ಕೊನೆಯ ಮನೆಯಲ್ಲಿರುವ ನಮ್ಮ ಮನೆಯೊಡತಿಗೆ ಮಂಡಿ ನೋವು. ಅವರು ಸುಮ್ಮಸುಮ್ಮನೆ ಯಾರ ಮನೆಗೂ ಬರುವವರಲ್ಲ. ಒಂದು ಸಂಜೆ ಕೋಲೂರಿಕೊಂಡು ಬಂದರು. ಸಾಮಾನಿನ ಕಪ್ಪು ಟ್ರಂಕುಗಳನ್ನು ಜೋಡಿಸಿ, ಮೇಲೆ ಹೊದಿಕೆ ಹಾಸಿ ಅತ್ತಿಗೆ ಮಾಡಿದ್ದ ಸೋಫಾದ ಮೇಲೆ ಕುಳಿತು, ಅಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡರು.

"ನಿಮ್ಮನ್ನೇ ನೋಡೋಣ ಅಂತ ಬಂದೆ. ಸಿಗೋದೇ ಇಲ್ವಲ್ಲ ನೀವು. ಹೆಂಡತಿ ಅಂದ್ರೆ ಏನಂತ ತಿಳ್ಕೊಂಡಿದೀರಿ ಸಾಹೇಬರೆ?"

ಅಣ್ಣ ಕೈಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಒಂದು ಬಲ್ಬ್ ಹಾಕೋಕೂ ಅವಳೇ ಸ್ಟೂಲ್ ಹತ್ತಬೇಕು. ಜ್ವರ ಬಂದು ಮಲಗಿದ್ರೆ ಈ ಮಗು ಒದ್ದಾಡಬೇಕು. ಒಂದು ಮಾತು ಕೇಳಿದ್ರೆ ಎಗರಿಬೀಳ್ತೀರಂತೆ. ಬಂದೂಕು ಹಿಡಿಯೋ ಕೈ, ಮನೇಲಿ ಒಂದು ಲೋಟ ಎತ್ತಿಡೋಕೆ ನೋಯುತ್ತಾ? ನನ್ನ ಮನೇಲಿ ಇಂಥದ್ದೆಲ್ಲ ಬೇಡಪ್ಪ. ನಾನೂ ಹೆಣ್ಣು ಹೆತ್ತೋಳು."

ಅಣ್ಣ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ನೆಲ ನೋಡುತ್ತಿದ್ದರು. ಒಳಗೆ ಯಾರೂ ಇರುತ್ತಿರಲಿಲ್ಲ ಎಂಬ ಒಂದು ಮಾತು ಸಾಕಿತ್ತು, ಅವನ ಹೆಸರು ತೊಳೆದಂತಾಗುತ್ತಿತ್ತು. ಆದರೆ ಆ ಮಾತು ಮನೆಯೊಡತಿಯಿಂದ ಗ್ಯಾಸಿನವನಿಗೆ, ಅವನಿಂದ ನಲ್ಲಿಯವನಿಗೆ, ಅಲ್ಲಿಂದ ಯಾರ್ಯಾರಿಗೋ ಹೋಗುತ್ತದೆ. ಅಣ್ಣನ ರಜೆ ಮುಗಿದ ಮೇಲೆ, ಈ ಮನೆಯಲ್ಲಿರುವುದು ಇಬ್ಬರು ಹೆಂಗಸರು ಮಾತ್ರ ಎಂದು ತಿಳಿದುಕೊಂಡೇ ಜನ ಬಾಗಿಲು ತಟ್ಟುತ್ತಾರೆ. ಅತ್ತಿಗೆ ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು.

"ತಪ್ಪಾಯ್ತಮ್ಮ. ಇನ್ನು ನೋಡ್ಕೊಳ್ತೀನಿ" ಎಂದ ಅಣ್ಣ, ತಲೆ ತಗ್ಗಿಸಿ.

ಮನೆಯೊಡತಿ ಹೋದ ಮೇಲೆ ಬಾಗಿಲು ಹಾಕಿ ಅವನು ಕೇಳಿದ್ದು ಇಷ್ಟೇ: "ಬಿಟ್ಟು ಹೋದೆ ಅಂತ ಬೈದ್ರೆ ಅರ್ಥವಾಗುತ್ತೆ. ಎಗರಿಬೀಳೋದು ಅಂದ್ರೇನು? ನಾನು ಯಾವಾಗ ಎಗರಿಬಿದ್ದೆ?"

ಅತ್ತಿಗೆ ನಿಂತಲ್ಲೇ ಎಲ್ಲ ಹೇಳಿದರು. ಮೀಟರಿನವನಿಂದ ಶುರುಮಾಡಿ, ನಲ್ಲಿಯವನು, ಗ್ಯಾಸಿನವನು, ಹಸು, ಹುಲಿ, ಪಾತ್ರೆ ತೊಳೆಯುವಾಗಿನ ಬೈಗುಳ, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಕಿವಿ ಕೆಂಪಾಗಿ, ದನಿ ಇಳಿದು ಇಳಿದು ಕೊನೆಗೆ ನನಗೇ ಕೇಳಿಸದಂತಾಯಿತು.

ಅಣ್ಣ ಯೋಚಿಸಿ ಕೇಳಿದ. "ಕುಡೀತಾನಾ?"

"ಯಾರು?"

"ಆ ಒಳಗಿನವನು."

"ಇಲ್ಲಪ್ಪ. ಅಷ್ಟು ದೂರ ಹೋಗಿಲ್ಲ."

"ಸದ್ಯ, ಅಷ್ಟಾದರೂ ಮರ್ಯಾದೆ ಉಳಿಸಿದೀಯ."

ನನಗೆ ನಗು ಬಂತು, ಅತ್ತಿಗೆಗೆ ಬರಲಿಲ್ಲ. ಅಣ್ಣ ಮುಂದುವರಿಸಿದ. "ಜನ ಬಂದಾಗ ಹೇಳಿದ್ದು ಸರಿ. ಬಾಗಿಲಲ್ಲಿ ಯಾರೂ ಇಲ್ಲದಾಗ್ಲೂ ಬೈತಿದ್ದೆ ಅಂದ್ಯಲ್ಲ. ಅದು ಅವನಿಗೋ, ನನಗೋ?"

ಅತ್ತಿಗೆ ಸೋಫಾದ ಹೊದಿಕೆಯ ಸುಕ್ಕನ್ನು ನೇವರಿಸುತ್ತಾ ನಿಂತರು. ಅದು ಎಷ್ಟು ನೇವರಿಸಿದರೂ ಹೋಗುವಂಥ ಸುಕ್ಕಾಗಿರಲಿಲ್ಲ.

"ನನಗೇ ಹೇಳಬಹುದಿತ್ತು."

"ಫೋನಲ್ಲಾ? ಅರ್ಧ ಮಾತಿಗೆ ಕಟ್ಟಾಗುತ್ತೆ. ನನ್ನ ಅಳು ಅರ್ಧ ಕೇಳಿಸ್ಕೊಂಡು ಅಲ್ಲಿ ಕೂತು ನೀವೇನು ಮಾಡ್ತೀರಿ?" ಎಂದು, ಚಪ್ಪಲಿ ಹುಡುಕುತ್ತಾ, "ಈಗಲೇ ಹೋಗಿ ಓನರ್ ಅಮ್ಮನಿಗೆ ನಿಜ ಹೇಳಿಬರ್ತೀನಿ. ಆಗಿದ್ದಾಗಲಿ. ನಿಮ್ಮ ಕೈಲಿ ತಪ್ಪಾಯ್ತು ಅನ್ನಿಸಿದೆನಲ್ಲ" ಎಂದರು.

ಅಣ್ಣ ಬಾಗಿಲಿಗೆ ಅಡ್ಡ ನಿಂತ. "ಬೇಡ. ನಾನು ಹೋದ ಮೇಲೆ ನಿಮ್ಮ ಜೊತೆ ಇರೋನು ಅವನೊಬ್ಬನೇ ತಾನೇ. ಇರಲಿ ಬಿಡು, ನನಗಿಂತ ಉಪಯೋಗಕ್ಕೆ ಬಂದಿದ್ದಾನೆ."

ಅವನು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಅದಕ್ಕೇ ಅತ್ತಿಗೆಗೆ ಇನ್ನೂ ಹೆಚ್ಚು ಚುಚ್ಚಿತು.

ಮರುದಿನದಿಂದ ಅಣ್ಣ ಹೊರಗಿನ ಕೆಲಸ ನಿಲ್ಲಿಸಿದ. ಯಾರಿಗೂ ನಮಸ್ಕಾರ ಹೇಳಲಿಲ್ಲ. ಹಾಲಿನವಳು ಬಂದಾಗ ಒಳಕೋಣೆಯಿಂದ, "ಏನದು ಗಲಾಟೆ? ಮಲಗೋಕೆ ಬಿಡಲ್ವಾ?" ಎಂದು ಕೂಗಿದ. ಅಭ್ಯಾಸವಿಲ್ಲದ ದನಿ ನಡುವೆ ಒಡೆದು, ಕೊನೆಯ ಮಾತು ಬೇಡಿಕೊಂಡಂತೆ ಬಂತು. ಹಾಲಿನವಳು ಮಾತ್ರ ನಂಬಿ, ಅತ್ತಿಗೆಯ ಕೈ ಹಿಡಿದು ಮೆಲ್ಲಗೆ ಒತ್ತಿ ಹೋದಳು. ಅತ್ತಿಗೆ ತಮ್ಮ ಆ ಕೈಯನ್ನು ಬಹಳ ಹೊತ್ತು ಏನು ಮಾಡಬೇಕೆಂದು ತಿಳಿಯದವರಂತೆ ಹಿಡಿದುಕೊಂಡಿದ್ದರು.

ಅಣ್ಣ ಹೊರಡುವ ದಿನ ಬಂತು. ಹಿಂದೆಲ್ಲ ಅತ್ತಿಗೆ ಸ್ಟೇಷನ್ನಿಗೆ ಹೋಗಿ, ರೈಲು ಕಣ್ಮರೆಯಾಗುವವರೆಗೆ ನಿಂತು ಬರುತ್ತಿದ್ದರು. ಈ ಸಲ ಹೋಗುವಂತಿರಲಿಲ್ಲ. ಗಂಡ ರಜೆ ಮುಗಿಸಿ ಗಡಿಗೆ ಹೋಗುತ್ತಿದ್ದಾನೆಂದು ಬೀದಿಗೆ ಗೊತ್ತಾಗಬಾರದಲ್ಲ. ಅಣ್ಣ ಸಮವಸ್ತ್ರವನ್ನೂ ಬಟ್ಟೆಗಳನ್ನೂ ಸಂತೆಗೆ ಒಯ್ಯುವ ಎರಡು ಚೀಲಗಳ ತಳಕ್ಕೆ ಒತ್ತಿ ತುಂಬಿ, ಮೇಲೆ ಖಾಲಿ ಚೀಲ ಮಡಚಿಟ್ಟುಕೊಂಡು, ಹಳೆಯ ಅಂಗಿ ತೊಟ್ಟು, ಬೆಳಕಿರುವಾಗಲೇ ತರಕಾರಿಗೆ ಹೊರಟವನಂತೆ ಹೊರಟ. ಒಳಗೆ ನನ್ನ ತಲೆ ಸವರಿದ. ಅತ್ತಿಗೆಯ ಹತ್ತಿರ ಏನು ಹೇಳಿದನೋ, ನಾನು ಆ ಕಡೆ ನೋಡಲಿಲ್ಲ.

ಗೇಟಿನಾಚೆ ಮನೆಯೊಡತಿ ಕೋಲೂರಿಕೊಂಡು ನಿಂತಿದ್ದರು. ಅತ್ತಿಗೆ ಬಾಗಿಲಿಗೆ ಬಂದು, "ಬೇಗ ಬನ್ನಿ. ಈರುಳ್ಳಿ ಮರೀಬೇಡಿ" ಎಂದರು.

"ಎಷ್ಟು ಸಲ ಹೇಳ್ತೀಯ, ಗೊತ್ತು" ಎಂದು ಅಣ್ಣ ಗದರಿದ. ಈ ಸಲ ದನಿ ಒಡೆಯಲಿಲ್ಲ. ಹಿಂತಿರುಗಿ ನೋಡದೆ ನಡೆದ.

ತರಕಾರಿಗೆ ಹೋಗುವವನಿಗಾಗಿ ಯಾರೂ ಬಾಗಿಲಲ್ಲಿ ನಿಂತು ಅಳುವುದಿಲ್ಲ. ಅತ್ತಿಗೆ ಕಣ್ಣು ಅಗಲ ಮಾಡಿಕೊಂಡು ನಿಂತಿದ್ದರು.

ಮನೆಯೊಡತಿ ಹತ್ತಿರ ಬಂದು ಹೇಳಿದರು. "ನೋಡಿದ್ಯಾ? ನಾನು ಒಂದು ಸಲ ಬಾಯಿಬಿಟ್ಟಿದ್ದಕ್ಕೆ ಚೀಲ ಹಿಡ್ಕೊಂಡು ಹೊರಟ. ಇಂಥವರಿಗೆ ಹೇಳೋರು ಬೇಕು."

ಅತ್ತಿಗೆ ಒಂದು ಕ್ಷಣ ತಡೆದರು. ಅಣ್ಣ ಇನ್ನೂ ಬೀದಿಯ ತಿರುವು ಮುಟ್ಟಿರಲಿಲ್ಲ.

"ಹೌದಮ್ಮ. ನಿಮ್ಮಿಂದ ದೊಡ್ಡ ಉಪಕಾರವಾಯ್ತು" ಎಂದರು.

ಅವನಿಗೆ ಅದು ಕೇಳಿಸಿತು. ಅವನ ನಡಿಗೆ ಅಲ್ಲಿ ಸ್ವಲ್ಪ ತಡೆದದ್ದನ್ನು ನಾನು ನೋಡಿದೆ. ಅತ್ತಿಗೆಯೂ ನೋಡಿದರು. ಆಮೇಲೆ ಅವನು ಚೀಲಗಳನ್ನು ಕೈ ಬದಲಾಯಿಸಿಕೊಂಡು, ತಿರುವಿನಲ್ಲಿ ಮರೆಯಾದ.