ಬಳೆಗಾರ್ತಿಯ ಹತ್ತಿ ಪರೀಕ್ಷೆ

ಎಪ್ಪತ್ತರ ದಶಕದ ಕೊನೆಯಲ್ಲಿ, ಕುಷ್ಠರೋಗ ಪತ್ತೆ ಮಾಡುವ ಕೆಲಸಕ್ಕೆ ಸೇರಿ ನಾನು ಅಜ್ಜಂಪುರಕ್ಕೆ ಬಂದೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದೆಯೇ ಎಂದು ಮನೆಮನೆಗೆ ಹೋಗಿ ನೋಡುವುದು, ಇದ್ದವರಿಗೆ ಮಾತ್ರೆ ಕೊಡುವುದು, ಇಷ್ಟೇ ಕೆಲಸ. ಆದರೆ ಶಿವನಿಯ ಆಚೆಗಿನ ಒಂದು ಹಳ್ಳಿಗೆ ನಮ್ಮ ಜೀಪು ಹೊಕ್ಕ ಕೂಡಲೇ ಗಂಡಸರೆಲ್ಲ ತೋಟಗಳ ಕಡೆ ಓಟ ಕೀಳುತ್ತಿದ್ದರು. ಸಂತಾನಹರಣದ ಆಪರೇಷನ್ನಿಗೆ ಹಿಡಿದೊಯ್ಯುತ್ತಾರೆಂಬ ಭಯ ಅವರಿಗಿನ್ನೂ ಹೋಗಿರಲಿಲ್ಲ. "ನಾವು ಅವರಲ್ಲ, ಬರೀ ಚರ್ಮ ನೋಡೋರು!" ಎಂದು ನಾನು ಕೂಗಿದರೆ ಇನ್ನೂ ಜೋರಾಗಿ ಓಡುತ್ತಿದ್ದರು. ಹೆಂಗಸರು ಓಡುತ್ತಿರಲಿಲ್ಲ; ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ಬಾಗಿಲುಗಳನ್ನು ತೆಗೆಸಿದವಳು ಊರೂರು ತಿರುಗುತ್ತಿದ್ದ ಒಬ್ಬ ಬಳೆಗಾರ್ತಿ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಗೋಳು ಕೇಳಿಸಿಕೊಂಡು, "ಬಿಗಿ ಬಳೆ ಏರ್ಸಿದ್ರೆ ಎಲ್ರೂ ಅಯ್ಯಯ್ಯೋ ಅಂತಾರೆ. ಒಬ್ರಿಬ್ರು ಅನ್ನೋದೇ ಇಲ್ಲ ಕಣಪ್ಪಾ. ನೀನು ಹುಡುಕ್ತಿರೋದು ಅವ್ರನ್ನೇನಾ?" ಎಂದಳು. ನಾನು ಕುಳಿತಲ್ಲಿಂದ ಎದ್ದು ನಿಂತುಬಿಟ್ಟೆ. ವಾರದೊಳಗೆ ಆಕೆ ಪರೀಕ್ಷೆ ಕಲಿತಳು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆ ಮುಟ್ಟಿ, ಎಲ್ಲಿ ಮುಟ್ಟಿದೆನೆಂದು ಬೆರಳಿಟ್ಟು ತೋರಿಸಲು ಹೇಳಬೇಕು.

ಆಕೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಆ ಹಳ್ಳಿಗೆ ಹೋದೆ. ಇದು ಊರಿನ ಯಜಮಾನರಿಗೆ ಸರಿಬೀಳಲಿಲ್ಲ. "ನಮ್ಮೂರಲ್ಲಿ ಆ ರೋಗ ಇಲ್ಲ ಕಣ್ರೀ. ಬೇಕಾದ್ರೆ ಮೊದ್ಲು ನನ್ನೇ ನೋಡಿ!" ಎಂದು ಅಂಗಿ ಬಿಚ್ಚಿ ತಮ್ಮ ಮನೆಯ ಜಗಲಿಯ ಮೇಲೆ ಕುಳಿತು ಕಣ್ಣು ಮುಚ್ಚಿದರು. ತೋಟಕ್ಕೆ ಓಡಿದ್ದವರೆಲ್ಲ ನೋಡಲು ವಾಪಸ್ ಬಂದರು.

ಯಜಮಾನರ ಮೊಣಕೈ ಹತ್ತಿರ ಒಂದು ಬಿಳಿಚಿದ ಮಚ್ಚೆಯಿತ್ತು. ಬಳೆಗಾರ್ತಿ ಅಲ್ಲಿ ಹತ್ತಿ ಮುಟ್ಟಿಸಿದಳು. ಬೆರಳು ಏಳಲಿಲ್ಲ. ಮತ್ತೊಮ್ಮೆ ಮುಟ್ಟಿಸಿದಳು, ಮಗದೊಮ್ಮೆ.

"ಶುರು ಮಾಡಮ್ಮಾ, ಎಷ್ಟೊತ್ತು ಕಣ್ಮುಚ್ಕೊಂಡಿರ್ಲಿ?" ಎಂದರು ಯಜಮಾನರು.

"ಆಗೋಯ್ತು ಯಜಮಾನ್ರೇ."

ಅವರು ಕಣ್ಣು ಬಿಟ್ಟರು. ಮುಂದೆ ನಿಂತಿದ್ದ ಇಬ್ಬರು ಮೆಲ್ಲಗೆ ಹಿಂದೆ ಸರಿದರು. ಊರ ಎದುರಿಗೆ ಇದನ್ನು ಮಾಡಲು ಬಿಟ್ಟದ್ದು ನನ್ನದೇ ತಪ್ಪು ಎನಿಸಿತು. ಬಳೆಗಾರ್ತಿ ಮಾತ್ರ ಯಜಮಾನರ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. "ಮಾತ್ರೆ ತಗೊಂಡ್ರೆ ವಾಸಿ ಆಗುತ್ತೆ. ಇಂಥ ಕೈ ಎಷ್ಟೋ ಹಿಡ್ದಿದೀನಿ, ನಂಗೇನಾಗೈತೆ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳಿ ಮುಗಿದರೂ ಕೈ ಬಿಡಲಿಲ್ಲ.

ಒಳಗಿನಿಂದ ಯಜಮಾನರ ಹೆಂಡತಿ ಕೂಗಿದರು. "ಹೇಳಿದ್ದಾಯ್ತಲ್ಲ, ಇನ್ನು ನಮ್ಮೆಜಮಾನ್ರ ಕೈ ಬಿಡೇ!"

ಮೊದಲು ನಕ್ಕವರು ಯಜಮಾನರೇ. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕರು. ಆಮೇಲೆ ಊರೇ ನಕ್ಕಿತು. ಹಿಂದೆ ಸರಿದ ಇಬ್ಬರಲ್ಲಿ ಒಬ್ಬ ತಾನೇ ಅಂಗಿ ಬಿಚ್ಚುತ್ತ ಮುಂದೆ ಬಂದ.

ಯಜಮಾನರು ವರ್ಷಗಟ್ಟಲೆ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರು. ನಮ್ಮ ಜೀಪು ಬಂದರೆ, "ನಾನೇ ತೋರ್ಸಿಲ್ವೇನ್ರೋ? ನಿಮ್ದೇನು ಮುಚ್ಚಿಡೋ ಅಂಥದ್ದು?" ಎಂದು ಗದರಿಸಿ ಜನರನ್ನು ಸಾಲಿಗೆ ನಿಲ್ಲಿಸುತ್ತಿದ್ದರು. ಕೊನೆಗೆ ಡಾಕ್ಟರು ವಾಸಿಯಾಯಿತು ಎಂದ ಮೇಲಂತೂ ಅವರನ್ನು ತಡೆಯುವವರೇ ಇರಲಿಲ್ಲ. ಒಮ್ಮೆ ಕಡೂರಿಗೆ ಹೋಗುವ ರೈಲಿನಲ್ಲಿ ಜೊತೆಗಿದ್ದೆ. ಪಕ್ಕದ ಪ್ರಯಾಣಿಕ, "ಸ್ವಲ್ಪ ಸರೀತೀರಾ?" ಎಂದು ಕೇಳಿದ್ದಷ್ಟೇ. ಇವರು ತೋಳು ಮಡಚಿ, ಮೊಣಕೈಯನ್ನು ಅವನ ಮುಖದ ಹತ್ತಿರ ಒಯ್ದು, ಬೀರೂರು ಬರುವತನಕ ಮಚ್ಚೆಯ ಕಥೆ ಹೇಳಿದರು.